ಎರಡು ನಲವತ್ತರ ಕರೆ

ಮಹಡಿಯಲ್ಲಿ ಬಾಡಿಗೆಗಿದ್ದ ಗುಬ್ಬಿ ಇಳಿದು ಬಂದಾಗ ನಾನು ಇಸ್ತ್ರಿ ಮೇಜಿನ ಮುಂದೆ ನಿಂತಿದ್ದೆ. ದೊಡ್ಡಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಪತ್ರಿಕೆಯ ಪದಬಂಧ ತುಂಬುತ್ತಿದ್ದಳು. ಸಂಜೆ ನಾಲ್ಕಕ್ಕೆ ಇನ್ನೂ ಕಾಲು ಗಂಟೆ ಇತ್ತು. ಗುಬ್ಬಿಯ ಮುಖ ನೋಡಿ ನಾನು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟೆ.

"ದೊಡ್ಡಮ್ಮ, ನನ್ನ ಕೆಲಸ ಹೋಯ್ತು," ಎಂದಳು. "ಎರಡು ನಲವತ್ತಕ್ಕೆ ಆಫೀಸಿಂದ ಕರೆ ಬಂದಿತ್ತಂತೆ. ನಾನು ಎತ್ತಲಿಲ್ಲವಂತೆ. ಇದು ಮೂರನೇ ಸಲ. ನಾಳೆ ಮೂರು ಗಂಟೆಗೆ ವಿಚಾರಣೆಗೆ ಬಾ ಅಂತ ಈಗ ಕಾಗದ ಬಂದಿದೆ."

"ಫೋನ್ ಎಲ್ಲಿತ್ತು?"

"ಎದೆ ಮೇಲೇ ಇತ್ತು. ಬಡ್ಕೊಳ್ಳಲೇ ಇಲ್ಲ."

ವಿಮಾನ ಹಾರಿಸುವವರೆಂದರೆ ಕಪ್ಪು ಕನ್ನಡಕ, ಹೊಳೆಯುವ ಗುಂಡಿ, ಐದು ನಕ್ಷತ್ರದ ಹೋಟೆಲು ಎಂದುಕೊಂಡವರು ಒಮ್ಮೆ ನಮ್ಮ ಮನೆಯ ಮಹಡಿ ಹತ್ತಿ ನೋಡಬೇಕಿತ್ತು. ದೊಡ್ಡ ಕೋಣೆಯಲ್ಲಿ ಒಂದರ ಮೇಲೊಂದು ಕಬ್ಬಿಣದ ಮಂಚ ಹಾಕಿಕೊಂಡು ಮೂವರು ಗಂಡಸರು (ಮನೆಯ ಅಡ್ಡಹೆಸರಲ್ಲಿ ಗೊರಕೆ, ಉದ್ದಣ್ಣ, ಪಂಡಿತ), ಪಕ್ಕದ ಪುಟ್ಟ ಕೋಣೆಯಲ್ಲಿ ಗುಬ್ಬಿ. ನಾಲ್ವರೂ ಸಹಪೈಲಟ್‌ಗಳು, ನಾಲ್ವರೂ ರಿಸರ್ವ್ ಡ್ಯೂಟಿಯವರು. ಅಂದರೆ ಅವರಿಗೆ ತಮ್ಮದೆಂಬ ವಿಮಾನವಿಲ್ಲ. ಬೇರೆ ಯಾರಿಗೋ ಜ್ವರ ಬಂದರೆ, ಯಾರೋ ಜಾರಿ ಬಿದ್ದರೆ, ಆ ಜಾಗಕ್ಕೆ ಇವರು. ಬೆಳಿಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ ಫೋನನ್ನು ಕಾಯಬೇಕು. ಕರೆ ಬಂದರೆ ಎತ್ತಬೇಕು, ತೊಂಬತ್ತು ನಿಮಿಷದಲ್ಲಿ ಸಮವಸ್ತ್ರ ಹಾಕಿಕೊಂಡು ವಿಮಾನ ನಿಲ್ದಾಣದಲ್ಲಿರಬೇಕು. ಮೂರು ಸಲ ತಪ್ಪಿದರೆ ಮನೆಗೆ. ಸ್ವಂತ ಊರು ಇನ್ನೆಲ್ಲೋ, ಹೆಂಡತಿ ಮಕ್ಕಳು ಇನ್ನೆಲ್ಲೋ. ಇವರ ಬದುಕೆಲ್ಲ ಫೋನಿನ ಸದ್ದಿಗೆ ಕಟ್ಟಿಹಾಕಿದ ಹಸು.

ಆ ಫೋನೂ ಎಂಥದು! ನೂರೆಂಬತ್ತು ಜೀವಗಳನ್ನು ಆಕಾಶಕ್ಕೆ ಒಯ್ಯುವವರ ಕೈಗೆ ಕಂಪನಿ ಕೊಟ್ಟದ್ದು ಗುಂಡಿ ಒತ್ತುವ ಅಗ್ಗದ ಡಬ್ಬಿ. ನಾಲ್ಕೂ ಒಂದೇ ಅಚ್ಚು, ಒಂದೇ ಕಪ್ಪು. ಯಾವುದು ಯಾರದೆಂದು ತಿಳಿಯಲು ಹಿಂದಿನ ಮುಚ್ಚಳದ ಮೇಲೆ ಅಂಟಿಸಿದ ಚೀಟಿಯೊಂದೇ ಗತಿ. ಆದರೆ ಕಂಪನಿಯ ಕಚೇರಿಯ ಗೋಡೆಯಲ್ಲಿ ಆಳೆತ್ತರದ ಅಕ್ಷರದಲ್ಲಿ "ನಾವೆಲ್ಲ ಒಂದೇ ಕುಟುಂಬ" ಎಂದು ಬರೆದಿದೆ. ಅದಕ್ಕೆ ದುಡ್ಡಿತ್ತು.

ನನ್ನ ತಾಯಿಯ ಅಕ್ಕ ಈ ದೊಡ್ಡಮ್ಮ. ಅದೇ ಕಂಪನಿಯ ರೋಸ್ಟರ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತು, ಪೈಲಟ್‌ಗಳನ್ನು ಫೋನ್ ಮಾಡಿ ಕರೆಯುವ ಕೆಲಸ ಮಾಡಿ ನಿವೃತ್ತಳಾದವಳು. ಮನೆ ಅವಳದು; ಬಂದವರ ಬಟ್ಟೆಗೆ ಇಸ್ತ್ರಿ ಹಾಕುವುದು ನಾನು. ಬೀದಿಯಲ್ಲಿ ಏನು ಕಳೆದುಹೋದರೂ, ಯಾರು ಯಾರ ಮೇಲೆ ಅಪವಾದ ಹೊರಿಸಿದರೂ ಜನ ನಮ್ಮ ಬಾಗಿಲಿಗೇ ಬರುತ್ತಿದ್ದರು. ಸುಳ್ಳು ಜ್ವರದ ದನಿಯನ್ನು ಇಪ್ಪತ್ತಾರು ವರ್ಷ ಕೇಳಿದ ಕಿವಿಗೆ ಉಳಿದ ಸುಳ್ಳೆಲ್ಲ ಸಲೀಸು ಎನ್ನುತ್ತಿದ್ದಳು.

"ಕೂತ್ಕೋ ಮಗೂ," ಎಂದಳು ದೊಡ್ಡಮ್ಮ. "ಬೆಳಿಗ್ಗೆಯಿಂದ ಹೇಳು. ಫೋನ್ ಜೊತೆ ಏನೇನು ಮಾಡಿದೆ, ಅಷ್ಟೇ."

ಗುಬ್ಬಿ ಹೇಳಿದಳು. ಹತ್ತು ಗಂಟೆಗೆ, ನಾಲ್ವರೂ ದಿನಾ ಮಾಡುವಂತೆ, ಹಿಂದಿನ ದಿನದ ಕರೆಗಳನ್ನೆಲ್ಲ ಅಳಿಸಿ, ನಮ್ಮ ನಡುಮನೆಯ ಲ್ಯಾಂಡ್‌ಲೈನ್‌ನಿಂದ ಡ್ಯೂಟಿ ಫೋನಿಗೆ ಒಂದು ರಿಂಗ್ ಕೊಟ್ಟು ಪರೀಕ್ಷೆ ಮಾಡಿದ್ದಳು. ಚೆನ್ನಾಗಿಯೇ ಬಡಿದುಕೊಂಡಿತ್ತು. ಹನ್ನೊಂದಕ್ಕೆ ಸ್ನಾನಕ್ಕೆ ಹೋದಳು. ಮಹಡಿಯ ಮನೆಯಲ್ಲಿ ಒಂದು ಪದ್ಧತಿಯಿತ್ತು: ಸ್ನಾನಕ್ಕೆ ಹೋಗುವವರು ಫೋನನ್ನು ಅಡುಗೆಮನೆಯ ಶೆಲ್ಫಿನ ಮೇಲಿಡಬೇಕು, ಅಲ್ಲಿದ್ದವರು ಕಿವಿಗೊಟ್ಟಿರಬೇಕು, ಬಡಿದುಕೊಂಡರೆ ಬಚ್ಚಲ ಬಾಗಿಲು ತಟ್ಟಬೇಕು. ಆಗ ಉಳಿದ ಮೂವರೂ ಅಡುಗೆಮನೆಗೆ ಬಂದು ಹೋಗುತ್ತಲೇ ಇದ್ದರು. ಊಟ ಮುಗಿಸಿ ಗುಬ್ಬಿ ತನ್ನ ಕೋಣೆಯಲ್ಲಿ ಫೋನನ್ನು ಎದೆಯ ಮೇಲಿಟ್ಟುಕೊಂಡು ಮಲಗಿದಳು.

"ನಿದ್ದೆ ಬಂತಾ?"

"ಒಂದು ಕೋಳಿನಿದ್ದೆ ಬಂದಿರಬಹುದು. ಅದಕ್ಕೇ ಎಲ್ಲರೂ ನೀನು ಮಲಗಿಬಿಟ್ಟಿದ್ದೆ ಅಂತಿದ್ದಾರೆ. ಆದ್ರೆ ಮೂರೂಕಾಲಿಗೆ ನನ್ನ ಮಗಳು ಸ್ಕೂಲಿಂದ ಬರ್ತಾಳೆ, ಅತ್ತೆ ಮನೆಗೆ ಫೋನ್ ಮಾಡ್ಬೇಕು ಅಂತ ಮಲಗೋವಾಗ ಅಲಾರಂ ಇಟ್ಟಿದ್ದೆ. ಅದಕ್ಕೆ ತಟ್ಟನೆ ಎದ್ದೆ. ಅಲಾರಂಗೆ ಎಚ್ಚರ ಆಗತ್ತೆ, ಕರೆಗೆ ಆಗಲ್ವಾ?"

"ಅಲಾರಂ ಯಾವ ಫೋನಲ್ಲಿ?"

"ಡ್ಯೂಟಿ ಫೋನಲ್ಲೇ. ಮಲಗೋ ಕೋಣೆಗೆ ಬೇರೆ ಫೋನ್ ತರಬಾರದು ಅಂತ ನಮ್ಮಲ್ಲೇ ಮಾಡ್ಕೊಂಡ ನಿಯಮ ಇದೆಯಲ್ಲ. ನನ್ನ ಸ್ವಂತ ಫೋನ್ ಅಡುಗೆಮನೇಲಿತ್ತು. ಎದ್ದು, ಕರೆಗಳ ಪಟ್ಟಿ ನೋಡಿದೆ. ಖಾಲಿ. ಡ್ಯೂಟಿ ಫೋನನ್ನ ಶೆಲ್ಫ್ ಮೇಲಿಟ್ಟು, ಬಾಲ್ಕನೀಲಿ ನಿಂತು ಮಗಳ ಹತ್ರ ಮಾತಾಡಿದೆ. ಒಳಗೆ ಬಂದ್ರೆ ಕಾಗದ ಬಂದಿದೆ. ಡ್ಯೂಟಿ ಫೋನ್ ತೆಗೆದು ನೋಡ್ತೀನಿ, ಎರಡು ನಲವತ್ತರ ಕರೆ ಅಲ್ಲಿ ಕೂತಿದೆ. ನನಗೇ ತಲೆ ಕೆಟ್ಟಿದೆಯೇನೋ ಅನ್ನಿಸ್ತಿದೆ ದೊಡ್ಡಮ್ಮ."

"ಮೂರೂಕಾಲಿಗೆ ನೋಡ್ದಾಗ ಪಟ್ಟಿ ಪೂರಾ ಖಾಲಿ?"

"ಪೂರಾ. ಒಂದೂ ಇರಲಿಲ್ಲ."

ದೊಡ್ಡಮ್ಮ ಕೈ ಚಾಚಿ ಫೋನ್ ಇಸಿದುಕೊಂಡಳು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಗುಂಡಿಗಳನ್ನು ಒತ್ತಿದಳು. ನಾನೂ ಬಗ್ಗಿ ನೋಡಿದೆ. ಎರಡು ಕರೆ: ಹತ್ತು ಗಂಟೆಯದು ನಮ್ಮ ಲ್ಯಾಂಡ್‌ಲೈನಿನದು, ಎರಡು ನಲವತ್ತರದು ಆಫೀಸಿನದು. ದೊಡ್ಡಮ್ಮ ಇನ್ನೂ ಏನೋ ಒತ್ತಿ ಹುಡುಕಿದಳು.

"ಅಲಾರಂ ನೀನು ತೆಗೆದುಹಾಕಿದೆಯಾ?"

"ಇಲ್ಲ. ಸದ್ದು ನಿಲ್ಲಿಸಿದೆ ಅಷ್ಟೇ. ಈ ಡಬ್ಬಾ ಫೋನಲ್ಲಿ ಒಂದ್ಸಲ ಇಟ್ರೆ ದಿನಾ ಬಡ್ಕೊಳ್ತಿರತ್ತೆ, ಬೇಡ ಅನ್ನೋವರೆಗೂ."

ದೊಡ್ಡಮ್ಮ "ಹೂಂ" ಎಂದು ಫೋನನ್ನು ಹಿಂದಿರುಗಿಸಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಳು. ಪದಬಂಧ ಆ ದಿನದ ಮಟ್ಟಿಗೆ ಮುಗಿದಂತೆ.

ನಾವು ಮೂವರೂ ಮಹಡಿಗೆ ಹೋದೆವು. ಅಡುಗೆಮನೆಯಲ್ಲಿ ಗೊರಕೆ ಕೂತು ಚಹಾ ಕುಡಿಯುತ್ತಿದ್ದ. ಅವನಿಗೆ ಆ ಹೆಸರು ಯಾಕೆಂದು ಹೇಳಬೇಕಿಲ್ಲ. ಅವನ ಫೋನ್ ಮೇಜಿನ ಮೇಲಿತ್ತು. ಹಿಂದಿನ ವಾರ ಕೈಜಾರಿ ಬಿದ್ದು ಅದರ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ಬದಲಿಸಿ ಕೊಡಿ ಎಂದು ಕಂಪನಿಗೆ ಬರೆದು ಉತ್ತರಕ್ಕೆ ಕಾಯುತ್ತಿದ್ದ.

"ಉದ್ದಣ್ಣನ್ನ ಕೇಳಿ ದೊಡ್ಡಮ್ಮ," ಎಂದ ಗೊರಕೆ. "ಗುಬ್ಬಿ ಎತ್ತಲಿಲ್ಲ ಅಂತ ಎರಡು ಐವತ್ತಕ್ಕೆ ಅವನಿಗೆ ಕರೆ ಬಂತು. ಇಲ್ಲೇ, ನನ್ನ ಕಣ್ಣೆದುರಿಗೇ ಎತ್ತಿದ. ಐವತ್ತು ದಿನದಿಂದ ಅವನಿಗೆ ಒಂದು ವಿಮಾನ ಸಿಕ್ಕಿರಲಿಲ್ಲ. ಕುಣಿದುಕೊಂಡು ಹೋದ."

"ನೀನ್ಯಾಕೆ ಉರ್ಕೊಳ್ತೀಯಾ?" ಎಂದಳು ದೊಡ್ಡಮ್ಮ.

"ನನಗೆ ಅರವತ್ತು ದಿನ ಆಯ್ತು."

ರಿಸರ್ವ್‌ನವರ ಇನ್ನೊಂದು ನರಕ ಇದು. ಮೂರು ತಿಂಗಳಲ್ಲಿ ಮೂರು ಸಲವಾದರೂ ವಿಮಾನ ಇಳಿಸದಿದ್ದರೆ ಹಾರುವ ಅರ್ಹತೆಯೇ ತಾತ್ಕಾಲಿಕವಾಗಿ ನಿಂತುಹೋಗುತ್ತದೆ. ಕರೆಯುವುದೂ ಕಂಪನಿಯೇ, ಕರೆಯದಿದ್ದಕ್ಕೆ ಶಿಕ್ಷೆ ಉಣ್ಣುವುದು ಇವರು. ಹೀಗೆ ನಾಲ್ಕು ಜನರನ್ನು ಒಂದೇ ಸೂರಿನಡಿ ಕೂಡಿಹಾಕಿ, ಒಬ್ಬರ ತಟ್ಟೆ ಇನ್ನೊಬ್ಬರು ನೋಡುವಂತೆ ಮಾಡಿಬಿಟ್ಟರೆ ಆಡಳಿತ ಮಂಡಳಿ ಸುಖವಾಗಿ ನಿದ್ದೆ ಮಾಡಬಹುದು.

ಪಂಡಿತ ತನ್ನ ಮಂಚದಲ್ಲಿ ಕೂತು ನಿಯಮಾವಳಿ ಓದುತ್ತಿದ್ದ. ಬನಿಯನ್ನಿನಲ್ಲಿದ್ದ. ಆರು ವರ್ಷದಿಂದ ರಿಸರ್ವ್‌ನಲ್ಲೇ ಕೊಳೆಯುತ್ತಿದ್ದವನು ಅವನು. ಮಾತು ಮಾತಿಗೂ ನಿಯಮ.

"ಹದಿನಾಲ್ಕನೇ ನಿಯಮ ಸ್ಪಷ್ಟ ಇದೆ ದೊಡ್ಡಮ್ಮ," ಎಂದ. "ಮೂರು ಸಲ ತಪ್ಪಿದ್ರೆ ಕೆಲಸದಿಂದ ತೆಗೀಬಹುದು. ಮೊದಲನೇದು ನೆಟ್‌ವರ್ಕ್ ಇರಲಿಲ್ಲ ಅಂದಳು, ಎರಡನೇದು ರಸ್ತೇಲಿ ಸಿಕ್ಕಿಹಾಕ್ಕೊಂಡೆ ಅಂದಳು. ಪಾಪ ಅನ್ನಿಸತ್ತೆ. ಆದ್ರೆ ನಿಯಮ ನಿಯಮವೇ."

"ನಿನ್ನ ಪಾಪವನ್ನ ಮಡಚಿ ಇಟ್ಕೋ," ಎಂದಳು ಗುಬ್ಬಿ.

ಕೆಳಗಿಳಿಯುವಾಗ ದೊಡ್ಡಮ್ಮ ನನ್ನನ್ನು ಕೇಳಿದಳು: "ಇವತ್ತು ಮಹಡಿಯಿಂದ ಇಸ್ತ್ರಿಗೆ ಏನೇನು ಬಂತು?"

"ಗುಬ್ಬಿಯದು ಒಂದು ಅಂಗಿ, ಗೊರಕೆಯದು ಎರಡು. ಉದ್ದಣ್ಣ ನಿನ್ನೆಯೇ ತಗೊಂಡು ಹೋಗಿದ್ದ. ಪಂಡಿತ ಕೊಡಲಿಲ್ಲ. ಹನ್ನೆರಡಕ್ಕೆ ನಾನು ತಾರಸಿಗೆ ಹೋದರೆ ಅವನ ಮೂರೂ ಬಿಳಿ ಅಂಗಿ ತಂತಿ ಮೇಲೆ ನೀರು ಸುರಿಸ್ಕೊಂಡು ನಿಂತಿದ್ವು. ಸಂಜೆ ಎಲ್ಲಾ ಒಟ್ಟಿಗೆ ತಂದು ನನ್ನ ತಲೆ ಮೇಲೆ ಹಾಕ್ತಾನೆ."

"ಇರೋದೇ ಮೂರಲ್ವಾ?"

"ಕಂಪನಿ ಕೊಡೋದೇ ಮೂರು."

ದೊಡ್ಡಮ್ಮ ಮೆಟ್ಟಿಲ ಮೇಲೆ ನಿಂತೇಬಿಟ್ಟಳು. ನಂತರ ಗುಬ್ಬಿಯ ಭುಜದ ಮೇಲೆ ಕೈಯಿಟ್ಟು, "ವಿಚಾರಣೆಗೆ ನಿನ್ನ ಪರವಾಗಿ ಒಬ್ಬರನ್ನ ಕರ್ಕೊಂಡು ಹೋಗ್ಬಹುದು ಅಂತ ನಿಯಮ ಇದೆ. ಪಂಡಿತನನ್ನ ಕೇಳ್ಬೇಕಿಲ್ಲ, ನನಗೂ ಗೊತ್ತು. ನಾನು ಬರ್ತೀನಿ. ಮನೆಯವರೆಲ್ಲ ಸಾಕ್ಷಿಗೆ ಬರಲಿ ಅಂತ ಇವತ್ತೇ ಬರೆದು ಕಳಿಸು," ಎಂದಳು.

ಮರುದಿನ ಮೂರು ಗಂಟೆಗೆ ನಾವೆಲ್ಲ ಕಚೇರಿಯ ಗಾಜಿನ ಕೋಣೆಯಲ್ಲಿ ಕೂತಿದ್ದೆವು. ಮೇಜಿನ ಆ ಬದಿಗೆ ರೋಸ್ಟರ್ ಮ್ಯಾನೇಜರ್, ಅವನ ಪಕ್ಕ ಸಿಬ್ಬಂದಿ ವಿಭಾಗದ ಮೇಡಂ. ಈ ಬದಿಗೆ ಗುಬ್ಬಿ, ದೊಡ್ಡಮ್ಮ, ನಾನು. ಗೋಡೆಗೆ ಒತ್ತಿಕೊಂಡು ಉದ್ದಣ್ಣ, ಪಂಡಿತ, ಗೊರಕೆ. ಡ್ಯೂಟಿಯ ಹೊತ್ತು ಆದ್ದರಿಂದ ಮೂವರ ಜೇಬಿನಲ್ಲೂ ಫೋನ್. ಗಾಜಿನಾಚೆ ದೊಡ್ಡಮ್ಮನ ಹಳೆಯ ಕುರ್ಚಿಯಲ್ಲಿ ಪಟ್ಟಿ ಗುಮಾಸ್ತ ಕೂತು ಯಾರಿಗೋ ಕರೆ ಮಾಡುತ್ತಿದ್ದ. ಅವನಿಗೆ ಕೆಲಸ ಕಲಿಸಿದ್ದು ದೊಡ್ಡಮ್ಮನೇ.

ಮ್ಯಾನೇಜರನನ್ನು ವರ್ಣಿಸಿ ಕಾಗದ ಹಾಳು ಮಾಡುವುದಿಲ್ಲ. ಒಮ್ಮೆಯೂ ಗಾಳಿಯಲ್ಲಿ ನಾಲ್ಕಡಿ ಮೇಲೇಳದೆ, ಹಾರುವವರಿಗೆ ಶಿಸ್ತು ಕಲಿಸುವ ಜಾತಿ. ನಗುವಾಗ ಹಲ್ಲು ಮಾತ್ರ ನಗುತ್ತಿತ್ತು.

"ನಮಗೂ ಬೇಜಾರೇ," ಎಂದ ಅವನು. "ಆದ್ರೆ ನೂರಾರು ಪ್ರಯಾಣಿಕರು ನಮ್ಮನ್ನ ನಂಬಿದ್ದಾರೆ. ಎಂಟು ಸಲ ರಿಂಗ್ ಆಗಿದೆ. ದಾಖಲೆ ಇದೆ. ಅವರ ಫೋನಲ್ಲೂ ಇದೆ. ಇನ್ನೇನು ಮಾತಾಡೋದಿದೆ?"

"ನನಗೆ ಒಂದು ಹತ್ತು ನಿಮಿಷ ಕೊಡಿ," ಎಂದಳು ದೊಡ್ಡಮ್ಮ. "ನಿವೃತ್ತಿ ದಿನ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದ್ರಿ. ಹತ್ತು ನಿಮಿಷ ದೊಡ್ಡದಲ್ಲ."

ಸಿಬ್ಬಂದಿ ವಿಭಾಗದ ಮೇಡಂ ತಲೆಯಾಡಿಸಿದಳು. ದೊಡ್ಡಮ್ಮ ಶುರು ಮಾಡಿದಳು.

"ಹುಡುಗಿ ಮೂರೂಕಾಲಿಗೆ ನೋಡ್ದಾಗ ಫೋನಿನ ಪಟ್ಟಿ ಖಾಲಿ ಇತ್ತು ಅಂತಾಳೆ. ಎರಡು ನಲವತ್ತರ ಕರೆ ಇರಲಿಲ್ಲ ಅನ್ನೋದನ್ನ ನೀವು ಬೇಕಾದ್ರೆ ಸುಳ್ಳು ಅನ್ನಿ. ಸುಳ್ಳು ಹೇಳೋಳು ಆ ಒಂದು ಕರೆ ಇರಲಿಲ್ಲ ಅಂತಾಳೆ. ಆದ್ರೆ ಇವಳು ಒಂದೂ ಇರಲಿಲ್ಲ ಅಂದಳು. ಹತ್ತು ಗಂಟೆಗೆ ನನ್ನ ಲ್ಯಾಂಡ್‌ಲೈನಿಂದ ತಾನೇ ಕೊಟ್ಟ ರಿಂಗ್ ಎಲ್ಲಿ ಹೋಯ್ತು? ಅದು ಈಗಲೂ ಇವಳ ಫೋನಲ್ಲಿದೆ. ಅಂದ್ರೆ ಮೂರೂಕಾಲಿಗೆ ಇವಳ ಕೈಲಿದ್ದದ್ದು ಇವಳ ಫೋನಲ್ಲ."

ಗುಬ್ಬಿ ತನ್ನ ಫೋನನ್ನು ತಿರುಗಿಸಿ ಹಿಂದಿನ ಚೀಟಿ ನೋಡಿದಳು.

"ಚೀಟಿ ಮುಚ್ಚಳದ ಮೇಲಿದೆ. ಮುಚ್ಚಳ ಉಗುರಿಗೆ ಬಿಚ್ಚಿಕೊಳ್ಳತ್ತೆ. ಹನ್ನೊಂದಕ್ಕೆ ಇವಳು ಸ್ನಾನಕ್ಕೆ ಹೋದಾಗ ಯಾರೋ ಎರಡು ಫೋನಿನ ಮುಚ್ಚಳ ಅದಲುಬದಲು ಮಾಡಿದ್ರು. ಇವಳ ಫೋನನ್ನ ಸದ್ದಡಗಿಸಿ ತಮ್ಮ ಹತ್ರ ಇಟ್ಕೊಂಡ್ರು. ತಮ್ಮದರ ಕರೆಗಳನ್ನೆಲ್ಲ ಅಳಿಸಿ ಇವಳ ಎದೆ ಮೇಲೆ ಮಲಗಿಸಿದ್ರು. ಇವಳು ಬಾಲ್ಕನೀಲಿ ಮಗಳ ಹತ್ರ ಮಾತಾಡೋವಾಗ ಮತ್ತೆ ಮೊದಲಿನಂತೆ ಮಾಡಿದ್ರು."

"ಉದ್ದಣ್ಣ," ಎಂದ ಗೊರಕೆ ತಕ್ಷಣ.

"ನಿನ್ನ ಫೋನಿನ ಗಾಜು ಒಡೆದಿದೆ, ಅದಕ್ಕೇ ನೀನಲ್ಲ. ಕೈಲಿ ಹಿಡಿದ ಕೂಡಲೇ ಇವಳಿಗೆ ಗೊತ್ತಾಗ್ತಿತ್ತು. ಉದ್ದಣ್ಣನೂ ಅಲ್ಲ. ಎರಡು ಐವತ್ತಕ್ಕೆ ಅವನ ಫೋನ್ ಬಡ್ಕೊಂಡಿದ್ದು ಅವನ ಕೈಲೇ, ನಿನ್ನ ಕಣ್ಣೆದುರಿಗೇ. ಅದಲುಬದಲು ಮಾಡಿದ್ದು ಅವನೇ ಆಗಿದ್ರೆ ಆ ಕರೆ ಗುಬ್ಬಿ ಎದೆ ಮೇಲೆ ಬಡ್ಕೊಳ್ತಿತ್ತು. ನೀನು ಅರವತ್ತು ದಿನದ ಉರಿಗೆ ಅವನನ್ನ ಬೈದೆ."

ಉದ್ದಣ್ಣ ಮೊದಲ ಸಲ ಬಾಯಿ ಬಿಟ್ಟ: "ನಿನ್ನೆಯಿಂದ ನನ್ನ ಜೊತೆ ಒಬ್ಬರೂ ಮಾತಾಡಿಲ್ಲ ದೊಡ್ಡಮ್ಮ."

"ಇನ್ನು ಆಡ್ತಾರೆ. ಈಗ ಯೋಚನೆ ಮಾಡಿ. ತನ್ನ ಫೋನನ್ನ ನಾಲ್ಕು ಗಂಟೆ ಇನ್ನೊಬ್ಬರ ಕೈಗೆ ಕೊಡೋ ಧೈರ್ಯ ಯಾರಿಗೆ ಬರತ್ತೆ? ನಡುವೆ ಕರೆ ಬಂದ್ರೆ ಕಥೆ ಮುಗೀತಲ್ಲ. ಇವತ್ತು ನನಗೆ ಕರೆ ಬರೋದೇ ಇಲ್ಲ ಅಂತ ಖಾತ್ರಿ ಇದ್ದವನಿಗೆ ಮಾತ್ರ. ನನ್ನ ತಂಗಿ ಮಗಳು ಅವನನ್ನ ತಾರಸಿ ಮೇಲೆ ಹಿಡಿದಳು, ಅವಳಿಗೇ ಗೊತ್ತಿರಲಿಲ್ಲ. ರಿಸರ್ವ್‌ನಲ್ಲಿರೋ ಯಾವ ಪೈಲಟ್ಟೂ ಡ್ಯೂಟಿ ಹೊತ್ತಲ್ಲಿ ಕೊನೇ ಅಂಗಿ ನೀರಿಗೆ ಹಾಕಲ್ಲ. ಬೆನ್ನ ಮೇಲೆ ಕೊಳೆ ಇದ್ರೂ ಒಂದು ಅಂಗಿ ಒಣಗಿ, ಮೊಳೆಗೆ ನೇತಾಡ್ತಿರತ್ತೆ. ತೊಂಬತ್ತು ನಿಮಿಷದ ಭಯ ಅದು. ನಿನ್ನೆ ಹನ್ನೆರಡಕ್ಕೆ ಪಂಡಿತನ ಮೂರೂ ಅಂಗಿ ಒದ್ದೆ."

"ಇದೇನು ಸಾಕ್ಷಿ?" ಎಂದ ಪಂಡಿತ. "ಬೆವರಿತ್ತು, ಒಗೆದೆ. ಅಂಗಿ ಒಗೀಬಾರ್ದು ಅಂತ ಯಾವ ನಿಯಮ ಇದೆ?"

"ಇಲ್ಲ. ಗಂಟೆ ಎಷ್ಟಾಯ್ತು?"

ಅವನು ಗಡಿಯಾರ ನೋಡುವಷ್ಟರಲ್ಲಿ ಅವನ ಜೇಬು ಕಿರುಚಿತು. ತೆಳ್ಳಗಿನ, ಎಡೆಬಿಡದ, ಅಗ್ಗದ ಸದ್ದು. ಮ್ಯಾನೇಜರ್ ಗಾಜಿನಾಚೆ ನೋಡಿದ. ಗುಮಾಸ್ತನ ಕೈಯಲ್ಲಿ ರಿಸೀವರ್ ಇರಲಿಲ್ಲ.

"ಎತ್ತಪ್ಪಾ," ಎಂದಳು ದೊಡ್ಡಮ್ಮ. "ಅದು ಕರೆಯಲ್ಲ. ಮೂರೂಕಾಲು. ಗುಬ್ಬಿಯ ಮಗಳು ಸ್ಕೂಲಿಂದ ಬಂದಳು ಅಂತ ನಿನ್ನ ಫೋನು ಹೇಳ್ತಿದೆ. ನಿನ್ನೆ ಇವಳು ಇಟ್ಟ ಅಲಾರಂ ಇವಳ ಫೋನಲ್ಲಿ ಹುಡುಕಿದೆ, ಇರಲಿಲ್ಲ. ಎಲ್ಲೋ ಇರಲೇಬೇಕಲ್ಲ."

ಪಂಡಿತ ಫೋನನ್ನು ಹೊರತೆಗೆದ. ಯಾವ್ಯಾವುದೋ ಗುಂಡಿ ಒತ್ತಿದರೂ ಸದ್ದು ನಿಲ್ಲಲಿಲ್ಲ. ಕೊನೆಗೆ ಗುಬ್ಬಿಯೇ ಎದ್ದು, ಅವನ ಕೈಯಿಂದ ಕಿತ್ತು, ಒಂದು ಗುಂಡಿ ಒತ್ತಿ ವಾಪಸು ಕೊಟ್ಟಳು.

"ನೀನು ಬರೀ ಕೈಗೊಂಬೆ," ಎಂದು ದೊಡ್ಡಮ್ಮ ಮುಂದುವರಿಸಿದಳು. "ನಿನಗೆ ಖಾತ್ರಿ ಕೊಟ್ಟವರು ಯಾರು ಅನ್ನೋದು ನಿನ್ನೆಯ ಪಟ್ಟೀಲಿದೆ." ಗಾಜಿಗೆ ಬೆರಳಿನಿಂದ ತಟ್ಟಿ ಗುಮಾಸ್ತನನ್ನು ಕರೆದಳು. ಅವನು ಪಟ್ಟಿ ಹಿಡಿದು ಬಂದ. ಮ್ಯಾನೇಜರನ ಮುಖ ನೋಡಲಿಲ್ಲ, ದೊಡ್ಡಮ್ಮನ ಮುಖ ನೋಡಿ ಮೇಡಂ ಮುಂದಿಟ್ಟ. ಬೆಳಿಗ್ಗೆ ಒಂಬತ್ತಕ್ಕೆ ಪಂಡಿತನ ಹೆಸರಿನ ಮೇಲೆ ಗೀಟು, ಪಕ್ಕದಲ್ಲಿ ಮ್ಯಾನೇಜರನ ಸಹಿ. ಕಾರಣದ ಜಾಗ ಖಾಲಿ.

"ಕಾರಣ ಬರೀದೆ ಹೆಸರು ತೆಗೀಬಾರ್ದು ಅಂತ ನಾನು ಇವನಿಗೆ ಮೊದಲನೇ ದಿನ ಹೇಳ್ಕೊಟ್ಟಿದ್ದೆ," ಎಂದಳು ದೊಡ್ಡಮ್ಮ.

"ನಾನು ಕೇಳಿದೆ ಮೇಡಂ," ಎಂದ ಗುಮಾಸ್ತ. "ನಿನ್ನ ಕೆಲಸ ನೋಡ್ಕೋ ಅಂದ್ರು."

ಪಂಡಿತ ಫೋನನ್ನು ಮೇಜಿನ ಮೇಲಿಟ್ಟ. "ಮುಂದಿನ ತಿಂಗಳಿಂದ ಲೈನ್ ಕೊಡ್ತೀನಿ ಅಂದ್ರು. ಆರು ವರ್ಷ ದೊಡ್ಡಮ್ಮ. ನನ್ನದು ಅಂತ ಒಂದು ವೇಳಾಪಟ್ಟಿ, ಯಾವ ದಿನ ಮನೆಗೆ ಹೋಗ್ತೀನಿ ಅಂತ ಮೊದಲೇ ಗೊತ್ತಿರೋದು. ಅಷ್ಟೇ. ಮೂರು ಗಂಟೆ ಒಳಗೆ ಕರೆ ಬರತ್ತೆ, ಬಡ್ಕೊಳ್ಳೋಕೆ ಬಿಡು ಅಂದ್ರು."

"ಯಾಕೆ ಗುಬ್ಬಿನೇ?" ಎಂದಳು ಸಿಬ್ಬಂದಿ ಮೇಡಂ.

"ಅದು ನಿಮಗೂ ಗೊತ್ತು," ಎಂದಳು ದೊಡ್ಡಮ್ಮ. "ಹೋದ ತಿಂಗಳು ಐದನೇ ದಿನವೂ ಸತತವಾಗಿ ಕರೆದಾಗ ಇವಳು, ದಣಿದಿದ್ದೀನಿ, ಹಾರಲ್ಲ ಅಂದಳು. ಹಾಗೆ ಹೇಳೋ ಹಕ್ಕು ಕಾನೂನಲ್ಲಿದೆ, ಅದಕ್ಕೆ ಕೆಲಸದಿಂದ ತೆಗೆಯೋ ಹಾಗಿಲ್ಲ. ಆದ್ರೆ ಒಬ್ಬಳು ಬಾಯಿಬಿಟ್ಟು ಅಂದ್ರೆ ಉಳಿದವರೂ ಅಂತಾರೆ. ಅದಕ್ಕೆ ಮೂರು ತಪ್ಪಿದ ಕರೆ ಬೇಕಾಯ್ತು. ಎರಡು ತಾನಾಗೇ ಸಿಕ್ಕಿತ್ತು. ಒಂದನ್ನ ತಯಾರು ಮಾಡಿದ್ರು."

ಮ್ಯಾನೇಜರ್ ಟೈ ಸಡಿಲಿಸಿಕೊಂಡು, ಇದು ಆಡಳಿತಾತ್ಮಕ ವಿಷಯ, ಹೊರಗಿನವರ ಮುಂದೆ ಚರ್ಚಿಸುವುದಿಲ್ಲ ಎಂದ. ಸಿಬ್ಬಂದಿ ಮೇಡಂ ಅವನಿಗಿಂತ ಜಾಣೆ. ಪಟ್ಟಿಯನ್ನು ಮಡಚಿ ತನ್ನ ಕಡತದೊಳಗಿಟ್ಟು, ಗುಬ್ಬಿಗೆ ಕಳಿಸಿದ ಕಾಗದವನ್ನು ಈ ಕ್ಷಣದಿಂದಲೇ ಹಿಂತೆಗೆದುಕೊಂಡಿದೆ ಎಂದಳು. ಪಂಡಿತನ ಮೇಲೂ ಮ್ಯಾನೇಜರನ ಮೇಲೂ ತನಿಖೆಯಾಗುತ್ತದೆ ಎಂದಳು. ಕೊನೆಗೆ, ಇದನ್ನು ಒಂದು ತಪ್ಪು ತಿಳಿವಳಿಕೆ ಎಂದು ಭಾವಿಸಿ ಎಲ್ಲರೂ ಮುಂದೆ ಸಾಗೋಣವೇ ಎಂದೂ ಕೇಳಿದಳು. ಆ ಮಾತು ಹೇಳುವಾಗ ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅಂಥ ಮುಖವನ್ನು ಪಳಗಿಸಲು ಎಷ್ಟು ವರ್ಷ ಬೇಕೋ!

ಗುಮಾಸ್ತ ತನ್ನ ಕುರ್ಚಿಗೆ ಹಿಂದಿರುಗಿದ. ವಿಚಾರಣೆಯ ಕಾಗದ ಹಿಂತೆಗೆದುಕೊಂಡರೆ ಆ ಪೈಲಟ್ಟಿನ ಹೆಸರು ಪಟ್ಟಿಯ ತಲೆಗೆ ಹೋಗುತ್ತದೆ. ಅದು ಅವನಿಗೆ ಕಲಿಸಿದ ಕ್ರಮ. ಅವನು ಬರೆದುಕೊಂಡ, ಮುಂದಿದ್ದ ಯಾವುದೋ ಚೀಟಿ ನೋಡಿದ, ರಿಸೀವರ್ ಎತ್ತಿದ. ಗುಬ್ಬಿಯ ಕೈಯಲ್ಲಿ ಫೋನ್ ಬಡಿದುಕೊಂಡಿತು. ಇಬ್ಬರ ನಡುವೆ ಹತ್ತು ಹೆಜ್ಜೆ, ಒಂದು ಗಾಜು.

ಗುಬ್ಬಿ ಮೊದಲ ರಿಂಗಿಗೇ ಎತ್ತಿದಳು. ಐದು ಗಂಟೆಯ ವಿಮಾನ. ಯಾರೋ ಬರಲಾರದೆ ಹೋಗಿದ್ದರು. ಮ್ಯಾನೇಜರನ ಹಲ್ಲು ಮತ್ತೆ ಕಾಣಿಸಿಕೊಂಡಿತು. ಗುಬ್ಬಿ ಅವನನ್ನೇ ನೋಡುತ್ತ, ಸಾವಕಾಶವಾಗಿ, ಪ್ರತಿ ಮಾತೂ ಗಾಜಿನ ಈಚೆಗೂ ಆಚೆಗೂ ಕೇಳುವಂತೆ ಹೇಳಿದಳು:

"ನಿನ್ನೆಯಿಂದ ನಾನು ಕಣ್ಣು ಮುಚ್ಚಿಲ್ಲ. ನನ್ನ ಬೆನ್ನ ಹಿಂದೆ ನೂರೆಂಬತ್ತು ಜನ ಕೂತಿರ್ತಾರೆ. ದಣಿದಿದ್ದೀನಿ, ಹಾರಲ್ಲ. ಹಾಗೇ ಬರ್ಕೊಳ್ಳಿ."

ಗಾಜಿನಾಚೆ ಗುಮಾಸ್ತ ಬಗ್ಗಿ ಬರೆಯತೊಡಗಿದ. ಮ್ಯಾನೇಜರ್ ಸಿಬ್ಬಂದಿ ಮೇಡಂ ಕಡೆ ನೋಡಿದ; ಅವನ ಹಲ್ಲು ಒಳಗೆ ಹೋಯಿತು. ಗೋಡೆಯ ಬಳಿಯಿದ್ದ ಉದ್ದಣ್ಣ ಗೊರಕೆಯನ್ನು ಮೊಣಕೈಯಿಂದ ತಿವಿದು, "ಮುಂದಿನ ಹೆಸರು ನಂದು," ಎಂದ. "ನಾನೂ ನಿನ್ನೆ ಮಲಗಿಲ್ಲ."